ಯುದ್ಧ ಬೇಡ ಅಂದ ಚಿಕ್ಕಪ್ಪ ಹೇಡಿಯಾ?

ಪ್ರಶ್ನೆ: ಸಾರ್, ನಮಸ್ತೆ. ನಾನು ಚಿಂತಾಮಣಿ ಹತ್ತಿರದ ಹಳ್ಳಿಯವಳು, ಪ್ರೈಮರಿ ಶಾಲೆಯಲ್ಲಿ ಟೀಚರ್. ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರ ದಾಳಿ ಆದಾಗಿನಿಂದ ನಮ್ಮ ಮನೆಯಲ್ಲಿ ಒಂದೇ ಜಗಳ. ತಮ್ಮ ಡಿಗ್ರಿ ಓದುತ್ತಿದ್ದಾನೆ. ಪಾಕಿಸ್ತಾನದ ಜೊತೆ ಪೂರ್ತಿ ಯುದ್ಧ ಮಾಡಿ ಮುಗಿಸಬೇಕಿತ್ತು, ನಾಲ್ಕೇ ದಿನಕ್ಕೆ ಯಾಕೆ ನಿಲ್ಲಿಸಿದರು ಅಂತಾನೆ. ಚಿಕ್ಕಪ್ಪ 17 ವರ್ಷ ಸೇನೆಯಲ್ಲಿದ್ದವರು. ನಿಲ್ಲಿಸಿದ್ದೇ ಒಳ್ಳೆಯದಾಯಿತು ಅಂದರು. ಮಾತಿಗೆ ಮಾತು ಬೆಳೆದು ನಮ್ಮಪ್ಪ ಚಿಕ್ಕಪ್ಪನನ್ನು ಹೇಡಿ ಅಂದುಬಿಟ್ಟರು. ಅವತ್ತಿನಿಂದ ಚಿಕ್ಕಪ್ಪ ನಮ್ಮ ಮನೆ ಹೊಸ್ತಿಲು ತುಳಿದಿಲ್ಲ. ಅವರು 2002ರಲ್ಲಿ ರಾಜಸ್ಥಾನದ ಗಡಿಯಲ್ಲಿದ್ದರಂತೆ, ಆದರೆ ಆ ವಿಷಯ ಬಾಯಿ ಬಿಡುವುದಿಲ್ಲ. ಇವರಲ್ಲಿ ಯಾರು ಸರಿ? ದೇಶ ಯುದ್ಧಕ್ಕೆ ಹೋಗಬೇಕೋ ಬೇಡವೋ ಅಂತ ನಮ್ಮಂಥವರು ಹೇಗೆ ಯೋಚನೆ ಮಾಡಬೇಕು? ಬೇಡ ಅನ್ನುವುದು ದೇಶದ್ರೋಹವಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕಂದರೆ ಅದು ಸುಲಭ. ಯುದ್ಧ ಬೇಡ ಅಂತ ಅಭಿಪ್ರಾಯ ಹೇಳುವುದು ಅಪರಾಧ ಅಲ್ಲ. ಬೇಕು ಅನ್ನುವುದಕ್ಕೆ ಎಷ್ಟು ಹಕ್ಕಿದೆಯೋ ಬೇಡ ಅನ್ನುವುದಕ್ಕೂ ಅಷ್ಟೇ ಹಕ್ಕಿದೆ, ಎರಡನ್ನೂ ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ಸೇನೆ ಎಲ್ಲಿಗೆ ಹೊರಟಿದೆ, ರೈಲಿನಲ್ಲಿ ಏನು ಸಾಗುತ್ತಿದೆ ಅಂತ ವಿಡಿಯೋ ಮಾಡಿ ಹಾಕುವುದು ಬೇರೆ ವಿಷಯ. ಅದನ್ನು ಮಾಡಬಾರದು. 2025ರ ಏಪ್ರಿಲ್ ಕೊನೆಯಲ್ಲಿ ಸೇನೆಯ ಓಡಾಟವನ್ನು ನೇರ ಪ್ರಸಾರ ಮಾಡಬೇಡಿ ಅಂತ ಸರ್ಕಾರ ಟಿವಿಯವರಿಗೂ ಹೇಳಿತ್ತು. ನಿಮ್ಮ ಚಿಕ್ಕಪ್ಪ ಅಂಥದ್ದೇನೂ ಮಾಡಿಲ್ಲವಲ್ಲ. ಮನೆಯಲ್ಲಿ ಕೂತು ತಮಗೆ ಅನ್ನಿಸಿದ್ದನ್ನು ಹೇಳಿದರು, ಅಷ್ಟೇ.

ಇನ್ನು ಹೇಡಿ ಅನ್ನುವ ಮಾತು. ನಾನು ಕೋಲಾರ, ಚಿಂತಾಮಣಿ ಕಡೆಯ ಕಾಲೇಜುಗಳಲ್ಲಿ 31 ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ್ದೇನೆ. ಈ ಮಾತು ಕೇಳಿದಾಗಲೆಲ್ಲ ನಾನು ಹುಡುಗರಿಗೆ 1971ರ ಕಥೆ ಹೇಳುತ್ತಿದ್ದೆ. ಇಲ್ಲೂ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಆಗ ಪೂರ್ವ ಪಾಕಿಸ್ತಾನವಾಗಿದ್ದ ಈಗಿನ ಬಾಂಗ್ಲಾದೇಶದ ಢಾಕಾದಲ್ಲಿ ತನ್ನದೇ ಜನರ ಮೇಲೆ ಮುಗಿಬಿತ್ತು. ಅಲ್ಲಿಂದ ಜನ ನಮ್ಮ ಗಡಿಗೆ ಹರಿದು ಬರತೊಡಗಿದರು. ವರ್ಷದ ಕೊನೆಗೆ ಹೀಗೆ ಬಂದವರ ಸಂಖ್ಯೆ ಸುಮಾರು 1 ಕೋಟಿ. ಇಡೀ ದೇಶವೇ ಸಿಟ್ಟಾಗಿತ್ತು. ಆಗ ತಡಮಾಡಬೇಡಿ, ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಡಿ ಅಂತ ಒತ್ತಾಯ ಮಾಡಿದವರಲ್ಲಿ ಯಾರಿದ್ದರು ಗೊತ್ತಾ? ಸರ್ವೋದಯದ ಜಯಪ್ರಕಾಶ್ ನಾರಾಯಣ್. ಗಾಂಧಿ ದಾರಿಯಲ್ಲಿ ನಡೆದವರು, ಜೀವನವೆಲ್ಲ ಶಾಂತಿ ಅಂದವರು. ಅವರೇ ದೇಶ ದೇಶ ಸುತ್ತಿ ಬಾಂಗ್ಲಾದ ಪರವಾಗಿ ಮಾತಾಡಿದರು. ಈಗಲೇ ಬೇಡ ಅಂದವರು ಯಾರು? ಸೇನಾ ಮುಖ್ಯಸ್ಥ ಮಾಣಿಕ್‌ಷಾ! ಏಪ್ರಿಲ್‌ನಲ್ಲಿ ಮಂತ್ರಿಗಳ ಮುಂದೆ ತಾವು ಏನು ಹೇಳಿದರು ಅನ್ನುವುದನ್ನು ಅವರೇ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಮಳೆಗಾಲ ಬರುತ್ತಿದೆ, ಅಲ್ಲಿನ ನದಿಗಳು ಸಮುದ್ರದಂತೆ ಆಗುತ್ತವೆ, ಸೈನ್ಯ ಕದಲುವುದಕ್ಕೆ ಆಗುವುದಿಲ್ಲ, ಹಿಮಾಲಯದ ಕಣಿವೆ ದಾರಿಗಳಲ್ಲಿ ಹಿಮ ಕರಗಿರುತ್ತದೆ, ಚೀನಾ ಇಳಿದು ಬಂದರೆ ಎರಡು ಕಡೆ ಕಾದಾಡಬೇಕು, ಈಗ ಹೋದರೆ ಸೋಲುತ್ತೇವೆ ಅಂತ. ಇಂದಿರಾ ಗಾಂಧಿಯವರಿಗೂ ಆಗಲೇ ಯುದ್ಧ ಬೇಕಿರಲಿಲ್ಲ ಅನ್ನುವ ಇತಿಹಾಸಕಾರರೂ ಇದ್ದಾರೆ, ಆ ಚರ್ಚೆ ಇನ್ನೂ ಇದೆ. ಏನೇ ಇರಲಿ, ದೇಶ ಎಂಟು ತಿಂಗಳು ಕಾಯಿತು. ಸುಮ್ನೆ ಕಾಯಲಿಲ್ಲ. ಆಗಸ್ಟ್ 9ಕ್ಕೆ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಆಯಿತು. ಇಂದಿರಾ ಯುರೋಪು, ಅಮೆರಿಕಕ್ಕೆಲ್ಲ ಹೋಗಿ ನಮ್ಮ ಮೇಲೆ ಬಿದ್ದಿರುವ ಹೊರೆ ಎಂಥದ್ದು ಅಂತ ಹೇಳಿ ಬಂದರು. ಸೇನೆ ಸಿದ್ಧವಾಯಿತು. ಡಿಸೆಂಬರ್ 3ರ ಸಂಜೆ ಪಾಕಿಸ್ತಾನವೇ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿತು. 16ಕ್ಕೆ ಢಾಕಾದಲ್ಲಿ ಶರಣಾಗತಿಗೆ ಸಹಿ ಬಿತ್ತು. ಸುಮಾರು 93,000 ಜನ ಸೆರೆಯಾದರು.

ಈಗ ನಿಮ್ಮ ಅಪ್ಪನನ್ನು ಕೇಳಿ. ಏಪ್ರಿಲ್‌ನಲ್ಲಿ ಬೇಡ ಅಂದ ಮಾಣಿಕ್‌ಷಾ ಹೇಡಿಯಾ? ಜಯಪ್ರಕಾಶ್ ಯುದ್ಧದಾಹಿಯಾ? ಎರಡೂ ಅಲ್ಲ. ಒಬ್ಬರು ಅಲ್ಲಿ ಸಾಯುತ್ತಿರುವ ಜನರನ್ನು ನೋಡಿ ಮಾತಾಡಿದರು, ಇನ್ನೊಬ್ಬರು ತಾವು ಕಳಿಸಬೇಕಾದ ಹುಡುಗರನ್ನು ನೋಡಿ ಮಾತಾಡಿದರು. ದೇಶಕ್ಕೆ ಇಬ್ಬರ ಮಾತೂ ಬೇಕಿತ್ತು.

ಹಾಗೆ ಕೇಳಿಸಿಕೊಳ್ಳದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ 1962 ಇದೆ. ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ, ಎಲ್ಲ ಕಡೆ ಚೀನಾದವರನ್ನು ಹೊರಗೆ ಹಾಕಿ ಅನ್ನುವ ಕೂಗು. ಈಗಿನ ಅರುಣಾಚಲದ ಗಡಿಯಲ್ಲಿ ಕೋರ್ ಕಮಾಂಡರ್, ಅಂದರೆ ಸೇನೆಯ ಒಂದು ದೊಡ್ಡ ವಿಭಾಗದ ಮುಖ್ಯಸ್ಥ, ಆಗಿದ್ದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್, ಇಷ್ಟು ಸಾಮಾನು ಇಲ್ಲದೆ ಆ ಬೆಟ್ಟಕ್ಕೆ ಜನರನ್ನು ಕಳಿಸಲು ಆಗುವುದಿಲ್ಲ ಅಂತ ಲೆಕ್ಕ ಕೊಟ್ಟರು. ಅವರನ್ನು ಪಕ್ಕಕ್ಕೆ ಸರಿಸಿ ಆ ಜಾಗಕ್ಕೆ ಬೇರೆ ಕೋರ್ ಮಾಡಿ ಬೇರೆಯವರನ್ನು ತಂದರು. ಅಕ್ಟೋಬರ್ 12ರಂದು, ನಮ್ಮ ನೆಲ ಬಿಡಿಸಲು ಸೇನೆಗೆ ಹೇಳಿದ್ದೇವೆ ಅಂತ ನೆಹರೂ ಪತ್ರಕರ್ತರಿಗೆ ಹೇಳಿದರು. 20ರ ಬೆಳಗ್ಗೆ ಚೀನಾದವರೇ ಮೇಲೆ ಬಿದ್ದರು. ಬೆಚ್ಚನೆಯ ಬಟ್ಟೆ ಸರಿಯಾಗಿ ಇಲ್ಲದೆ, ಗುಂಡು ಸಾಕಷ್ಟು ಇಲ್ಲದೆ ನಮ್ಮ ಸೈನಿಕರು ಆ ಚಳಿಯಲ್ಲಿ ನಿಂತು ಹೋರಾಡಿದರು. ಈ ವಿಷಯ ಪಾಠ ಮಾಡುವಾಗ ನನಗೆ ಒಂದೊಂದು ಸಲ ಗಂಟಲು ಕಟ್ಟುತ್ತಿತ್ತು. ಬೇಡ ಅಂತ ಸರಿಯಾದ ಕಾರಣ ಕೊಟ್ಟವರು ಅಲ್ಲೇ ಇದ್ದರು. ಅವರ ಮಾತು ಯಾರಿಗೂ ಬೇಕಾಗಿರಲಿಲ್ಲ.

ನಿಮ್ಮ ತಮ್ಮನ ವಿಷಯಕ್ಕೆ ಬರುತ್ತೇನೆ. ಅವನನ್ನು ಹುಡುಗುಬುದ್ಧಿ ಅಂತ ತಳ್ಳಿಹಾಕಬೇಡಿ. ಅವನ ವಾದದಲ್ಲಿ ತೂಕವಿದೆ. 2008ರಲ್ಲಿ ಮುಂಬೈಯಲ್ಲಿ 166 ಜನ ಸತ್ತರು, ನಾವು ಸೇನೆ ಕಳಿಸಲಿಲ್ಲ. ಅದರಿಂದ ಭಯೋತ್ಪಾದನೆ ನಿಂತಿತಾ? ಇಲ್ಲ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು, ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಎಷ್ಟು ದಿನ ಸಹಿಸೋದು ಅಂತ ಅವನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಯುದ್ಧ ಬೇಡ ಅನ್ನುವವರು ಇದಕ್ಕೆ ಉತ್ತರ ಕೊಡಲೇಬೇಕು. ಶಾಂತಿ ಶಾಂತಿ ಅಂದರೆ ಸಾಲದು. ನಮ್ಮ ಮೇಲೆ ದಾಳಿ ಆದಾಗ ತಿರುಗಿ ನಿಲ್ಲುವ ಹಕ್ಕನ್ನು ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಯೂ ಒಪ್ಪುತ್ತದೆ.

ಆದರೆ ಅವನೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. 2016ರ ಸೆಪ್ಟೆಂಬರ್‌ನಲ್ಲಿ ಗಡಿ ದಾಟಿ ಹೊಡೆದೆವು. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ಆಯಿತು, ಸಿಆರ್‌ಪಿಎಫ್‌ನ 40 ಜನ ಸತ್ತರು. ಬಾಲಾಕೋಟ್ ಮೇಲೆ ವಿಮಾನ ಕಳಿಸಿದೆವು. 2025ರಲ್ಲಿ ಪಹಲ್ಗಾಮ್ ಆಯಿತು. ಹೊಡೆಯದೆ ಇದ್ದಾಗಲೂ ನಿಲ್ಲಲಿಲ್ಲ, ಹೊಡೆದಾಗಲೂ ಪೂರ್ತಿ ನಿಲ್ಲಲಿಲ್ಲ. ಇಬ್ಬರ ಕೈಯಲ್ಲೂ ಪೂರ್ತಿ ಗೆಲ್ಲುವ ಎಲೆ ಇಲ್ಲ. ಹಾಗಾಗಿ 'ಮುಗಿಸಿಬಿಡಬೇಕಿತ್ತು' ಅಂದಾಗ ನಾನು ಕೇಳುವುದು ಒಂದೇ: ಮುಗಿಸುವುದು ಅಂದರೆ ಏನಪ್ಪಾ? ಲಾಹೋರ್ ಹಿಡಿಯುವುದಾ? ಹಿಡಿದು ಎಷ್ಟು ವರ್ಷ ಇಟ್ಟುಕೊಳ್ಳುವುದು? ಅಲ್ಲಿನ ಜನ ಸುಮ್ನೆ ಇರುತ್ತಾರಾ? 1998ರಿಂದ ಎರಡೂ ಕಡೆ ಅಣುಬಾಂಬ್ ಇದೆ ಅನ್ನುವುದನ್ನು ಎಲ್ಲಿ ಲೆಕ್ಕಕ್ಕೆ ಹಿಡಿಯುವುದು?

ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯದೆ ಹೊರಟರೆ ಏನಾಗುತ್ತದೆ ಅಂತ ನಮಗೇ ಅನುಭವ ಇದೆ. 1987ರ ಜುಲೈನಲ್ಲಿ ಶ್ರೀಲಂಕಾಕ್ಕೆ ನಮ್ಮ ಸೇನೆ ಹೋಗಿದ್ದು ಯುದ್ಧಕ್ಕೆ ಅಲ್ಲ, ಶಾಂತಿ ಕಾಯುವುದಕ್ಕೆ. ಕೆಲವೇ ತಿಂಗಳಲ್ಲಿ ಅಲ್ಲಿನ ತಮಿಳು ಉಗ್ರರ ಸಂಘಟನೆ ಎಲ್‌ಟಿಟಿಇ ಜೊತೆಗೇ ಕಾದಾಟ ಶುರುವಾಯಿತು. ವಾಪಸ್ ಬರುವ ಹೊತ್ತಿಗೆ 1990ರ ಮಾರ್ಚ್ ಆಗಿತ್ತು, ನಮ್ಮವರು ಸುಮಾರು 1,200 ಜನ ಸತ್ತಿದ್ದರು. ಯಾತಕ್ಕೆ ಹೋಗಿದ್ದು, ಏನು ಸಾಧಿಸಿದ್ದು ಅಂತ ಅವರ ಮನೆಯವರಿಗೆ ಇವತ್ತಿಗೂ ಸರಿಯಾಗಿ ಹೇಳಿದವರಿಲ್ಲ.

ಒಂದು ನೆನಪು ಹೇಳುತ್ತೇನೆ. 1999ರ ಜೂನ್. ಆಗ ನಾನು ಶ್ರೀನಿವಾಸಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ನಿಮಗೆ ಗೊತ್ತು, ಜೂನ್ ಅಂದರೆ ಅಲ್ಲಿ ಮಾವಿನ ಸುಗ್ಗಿ, ಊರಿಗೆ ಊರೇ ಮಂಡಿಯಲ್ಲಿರುತ್ತದೆ. ನಮ್ಮ ಬೀದಿ ಕೊನೆಯಲ್ಲಿ ಒಂದು ಎಸ್‌ಟಿಡಿ ಬೂತ್ ಇತ್ತು. ಸಂಜೆ ಏಳಾದರೆ ಅಲ್ಲಿನ ಮರದ ಸ್ಟೂಲ್ ಮೇಲೆ ಒಬ್ಬ ತಾಯಿ ಬಂದು ಕೂರುತ್ತಿದ್ದರು. ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ ಅವರದು, ಸೊನೆ ತಾಗಿ ತಾಗಿ ಬೆರಳುಗಳೆಲ್ಲ ಕಪ್ಪಾಗಿದ್ದವು. ಮಗ ಕಾರ್ಗಿಲ್ ಕಡೆ ಇದ್ದ. ಫೋನ್ ಬಂದರೂ ಬರಬಹುದು ಅಂತ ಒಂಬತ್ತರ ತನಕ ಕಾಯುತ್ತಿದ್ದರು. ಓದು ಬರುತ್ತಿರಲಿಲ್ಲ. ನಾನು ಹೋದಾಗ ಪೇಪರ್ ಓದಿ ಹೇಳಿ ಅನ್ನುತ್ತಿದ್ದರು.

ಒಂದು ದಿನ ಕೇಳಿದರು, "ಅದ್ಯಾವುದೋ ಗೆರೆ ಇದೆಯಂತಲ್ಲ ಸಾರ್, ದಾಟ್ತಾರಂತಾ?"

"ದಾಟಲ್ಲ ಅಂತ ಸರ್ಕಾರ ಹೇಳಿದೆ ಕಣಮ್ಮ. ದಾಟಿದರೆ ದೊಡ್ಡ ಯುದ್ಧ ಆಗಿಬಿಡುತ್ತೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ದಾಟಿ ಹಿಂದಿನಿಂದ ಹೋಗಲಿಲ್ಲ ಅಂದರೆ ನನ್ನ ಮಗ ಮುಂದಿನಿಂದಲೇ ಬೆಟ್ಟ ಹತ್ತಬೇಕಲ್ವಾ ಸಾರ್? ಮೇಲಿರೋರು ಕಲ್ಲು ಉರುಳಿಸಿದರೂ ಸಾಕಲ್ಲ?"

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆ ದಿನಗಳಲ್ಲಿ ದೆಹಲಿಯಲ್ಲಿ ದೊಡ್ಡವರೆಲ್ಲ ತಲೆಕೆಡಿಸಿಕೊಂಡಿದ್ದು ಇದೇ ಪ್ರಶ್ನೆಗೆ. ವಾಜಪೇಯಿ ಸರ್ಕಾರ ನಿಯಂತ್ರಣ ರೇಖೆ ದಾಟಬಾರದು ಅಂತ ತೀರ್ಮಾನ ಮಾಡಿತ್ತು, ವಾಯುಪಡೆಗೂ ಅದೇ ಆಜ್ಞೆ. ಅದರಿಂದ ಪ್ರಪಂಚ ನಮ್ಮ ಕಡೆ ನಿಂತಿತು. ಜುಲೈ 4ರಂದು ನವಾಜ್ ಷರೀಫ್ ವಾಷಿಂಗ್ಟನ್‌ಗೆ ಹೋಗಿ ಸೈನ್ಯ ಹಿಂದೆಗೆದುಕೊಳ್ಳಲು ಒಪ್ಪಿಬಂದರು. ಯುದ್ಧ ಹರಡಲಿಲ್ಲ. ಆದರೆ ಬೆಟ್ಟದ ಮುಖಕ್ಕೆ ಮುಖ ಕೊಟ್ಟು ಹತ್ತಿದ ನಮ್ಮ 527 ಸೈನಿಕರು ಆ ಯುದ್ಧದಲ್ಲಿ ಸತ್ತರು. ಆ ತೀರ್ಮಾನ ಸರಿ ಅಂತಲೇ ನಾನು ಇವತ್ತಿಗೂ ನಂಬಿದ್ದೇನೆ. ಆದರೆ ಅದಕ್ಕೆ ಬೆಲೆ ಕೊಟ್ಟವರು ಯಾರು ಅಂತ ಮರೆತು ಸರಿ ಅನ್ನಲು ನನಗೆ ಆಗುವುದಿಲ್ಲ. ಆ ತಾಯಿಯ ಮಗ ಸಂಕ್ರಾಂತಿಗೆ ಊರಿಗೆ ಬಂದ. ಅವನನ್ನು ನೋಡಿದಾಗ ನನಗೇ ಅಳು ಬಂತು.

ಹಾಗಾಗಿ ತಾಳ್ಮೆಗೂ ಒಂದು ಬೆಲೆ ಇದೆ ಅಂತ ನಿಮ್ಮ ಚಿಕ್ಕಪ್ಪನೂ ಒಪ್ಪಬೇಕು. ಒಪ್ಪುತ್ತಾರೆ ಅಂದುಕೊಂಡಿದ್ದೇನೆ, ಸೇನೆಯಲ್ಲಿದ್ದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

2025ರ ಮೇ ತಿಂಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. 7ರಂದು ಹೊಡೆದದ್ದು ಸರಿ. 10ರಂದು ನಿಲ್ಲಿಸಿದ್ದೂ ಸರಿ. ಉಗ್ರರ ನೆಲೆಗಳೇ ಗುರಿ ಅಂತ ಮೊದಲ ದಿನವೇ ಹೇಳಿದ ಮೇಲೆ, ಗುರಿ ಮುಟ್ಟಿದ ಮೇಲೂ ಮುಂದುವರಿಸಿದರೆ ಅದು ಬೇರೆಯೇ ಯುದ್ಧ ಆಗುತ್ತಿತ್ತು. ಅದಕ್ಕೆ ಬೇರೆಯೇ ಕಾರಣ ಬೇಕಾಗುತ್ತಿತ್ತು. ನಿಮ್ಮ ತಮ್ಮ ಇದನ್ನು ಒಪ್ಪದೆ ಇರಬಹುದು, ಇರಲಿ. ನನಗೆ ನೋವಾಗಿದ್ದು ಭಿನ್ನಾಭಿಪ್ರಾಯ ಬಂತು ಅಂತಲ್ಲ. ಯುದ್ಧ ನಿಂತ ಸುದ್ದಿಯನ್ನು ಓದಿ ಹೇಳಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರನ್ನೂ ಅವರ ಮನೆಯವರನ್ನೂ ಎಂಥೆಂಥ ಮಾತಲ್ಲಿ ಬೈದರು! ಪಾಪ, ಅವರು ತಮ್ಮ ಎಕ್ಸ್ (ಟ್ವಿಟರ್) ಖಾತೆಗೇ ಬೀಗ ಹಾಕಿಕೊಂಡರು. ತೀರ್ಮಾನ ಸರ್ಕಾರದ್ದು, ಬೈಗುಳ ಅದನ್ನು ಓದಿದವರಿಗೆ.

ತೀರ್ಮಾನ ಯಾರದು ಅನ್ನುವುದನ್ನೂ ಸ್ವಲ್ಪ ತಿಳಿದುಕೊಳ್ಳಿ. ನಮ್ಮಲ್ಲಿ ಯುದ್ಧಕ್ಕೆ ಹೋಗಲು ಸಂಸತ್ತು ಮೊದಲೇ ವೋಟು ಹಾಕಬೇಕು ಅನ್ನುವ ನಿಯಮ ಇಲ್ಲ. ಸೇನೆಯ ಪರಮಾಧಿಕಾರ ರಾಷ್ಟ್ರಪತಿಗಳದ್ದು, ನಿಜವಾದ ತೀರ್ಮಾನ ಪ್ರಧಾನಿ ಮತ್ತು ಮಂತ್ರಿಮಂಡಲದ್ದು. ಬ್ರಿಟನ್‌ನಲ್ಲಿ 2013ರಲ್ಲಿ ಸಿರಿಯಾ ಮೇಲೆ ದಾಳಿ ಮಾಡುವ ಪ್ರಸ್ತಾವವನ್ನು ಸಂಸತ್ತು 285ಕ್ಕೆ 272 ವೋಟುಗಳಿಂದ ಬೀಳಿಸಿತು, ಪ್ರಧಾನಿ ತಲೆಬಾಗಿದರು. ನಮ್ಮಲ್ಲಿ ಆ ಬಾಗಿಲು ಇಲ್ಲ. ಇರುವುದು ಜನರ ಮಾತು, ಪತ್ರಿಕೆ, ಪಕ್ಷಗಳು, ಹೊರಗಿನ ಚರ್ಚೆ. ಅದನ್ನೂ ದ್ರೋಹ ಅಂತ ಮುಚ್ಚಿಬಿಟ್ಟರೆ ಕೇಳುವವರೇ ಇಲ್ಲದ ಹಾಗಾಗುತ್ತದೆ.

ಆ ಚರ್ಚೆ ನಮ್ಮನ್ನು ಒಮ್ಮೆ ಕಾಪಾಡಿದೆ ಕೂಡ. 2003ರಲ್ಲಿ ಅಮೆರಿಕ ಇರಾಕ್ ಮೇಲೆ ಯುದ್ಧಕ್ಕೆ ಹೋಯಿತು. ಅಲ್ಲಿ ಭಯಂಕರ ಅಸ್ತ್ರಗಳಿವೆ ಅಂದರು, ಆಮೇಲೆ ಹುಡುಕಿದರೆ ಏನೂ ಇರಲಿಲ್ಲ. ನಿಮ್ಮ ಸೈನ್ಯವನ್ನೂ ಕಳಿಸಿ ಅಂತ ನಮ್ಮನ್ನು ಕೇಳಿದರು. ಕಳಿಸಿದರೆ ಅಮೆರಿಕದ ಸ್ನೇಹ ಸಿಗುತ್ತದೆ, ಎಣ್ಣೆ ಸಿಗುತ್ತದೆ ಅನ್ನುವವರು ಇಲ್ಲಿಯೂ ಇದ್ದರು. ಸಂಸತ್ತು ಆ ಯುದ್ಧವನ್ನು ಖಂಡಿಸಿ ಏಪ್ರಿಲ್‌ನಲ್ಲಿ ನಿರ್ಣಯ ಮಾಡಿತ್ತು, ತಿಂಗಳುಗಟ್ಟಲೆ ವಾದ ನಡೆಯಿತು. ಜುಲೈ 14ರಂದು ವಾಜಪೇಯಿ ಸರ್ಕಾರ ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಅಂತ ಹೇಳಿಬಿಟ್ಟಿತು. ಕಳಿಸಿದ್ದರೆ ಹೋಗುತ್ತಿದ್ದವರು ಯಾರು? ಕೋಲಾರದ ಕ್ರೀಡಾಂಗಣದಲ್ಲಿ ಬೆಳಗ್ಗೆ ಐದಕ್ಕೇ ಬಂದು, ಕತ್ತಲಲ್ಲಿ ಮೊಬೈಲ್‌ನಲ್ಲಿ ಟೈಮ್ ಇಟ್ಟುಕೊಂಡು ಭರ್ತಿ ರ‍್ಯಾಲಿಗೆ ಅಂತ 1,600 ಮೀಟರ್ ಓಡುತ್ತಾರಲ್ಲ, ಅಂಥ ಹುಡುಗರೇ. ಮುಳಬಾಗಿಲು, ಬಂಗಾರಪೇಟೆ ಕಡೆಯ ರೈತರ ಮಕ್ಕಳು, ಬಹುಪಾಲು ನನ್ನ ಶಿಷ್ಯರು. ಯುದ್ಧದ ಮಾತು ಬಂದಾಗ ನನ್ನ ಕಣ್ಣ ಮುಂದೆ ಬರುವುದು ಅವರ ಮುಖ.

ಯುದ್ಧದ ಖರ್ಚು ಗಡಿಯಲ್ಲೇ ಮುಗಿಯುವುದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ನಮಗೂ ಅದಕ್ಕೂ ಏನು ಸಂಬಂಧ ಅನ್ನಿಸಿತ್ತು. ತಿಂಗಳೊಳಗೆ ಸೂರ್ಯಕಾಂತಿ ಎಣ್ಣೆ ಬೆಲೆ ಏರಿತು. ಆ ಮುಂಗಾರಿಗೆ ರೈತನಿಗೆ ಡಿಎಪಿ ಗೊಬ್ಬರದ ಚೀಲ 1,350 ರೂಪಾಯಿಗೇ ಸಿಗಬೇಕಾದರೆ ಸರ್ಕಾರ ಪ್ರತಿ ಚೀಲಕ್ಕೆ 2,501 ರೂಪಾಯಿ ತನ್ನ ಕೈಯಿಂದ ಕೊಡಬೇಕಾಯಿತು. ಯಾರದೋ ಯುದ್ಧಕ್ಕೇ ಹೀಗಾದರೆ ನಮ್ಮದೇ ಆದರೆ?

ಇನ್ನೊಂದು ಖರ್ಚು ಕಣ್ಣಿಗೆ ಕಾಣುವುದಿಲ್ಲ. 1962ರ ಯುದ್ಧ ಒಂದು ತಿಂಗಳಲ್ಲಿ ಮುಗಿಯಿತು. ಅದಕ್ಕೆಂದು ಅಕ್ಟೋಬರ್ 26ರಂದು ಹೇರಿದ ತುರ್ತುಪರಿಸ್ಥಿತಿ ತೆಗೆದದ್ದು 1968ರ ಜನವರಿಯಲ್ಲಿ! 1971ರಲ್ಲಿ ಹೇರಿದ್ದು 1977ರ ಮಾರ್ಚ್ ತನಕ ಇತ್ತು. 1962ರಲ್ಲಿ ಚೀನಾ ಮೂಲದವರು ಅನ್ನುವ ಒಂದೇ ಕಾರಣಕ್ಕೆ ಸುಮಾರು 3,000 ಜನರನ್ನು, ಇಲ್ಲೇ ಹುಟ್ಟಿ ಬೆಳೆದವರನ್ನೂ ಸೇರಿಸಿ, ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಿದರು. ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ಯುದ್ಧ ಬೇಕು ಅನ್ನುವಾಗ ಇದೂ ಅದರ ಜೊತೆಗೇ ಬರುತ್ತದೆ ಅನ್ನುವುದು ನೆನಪಿರಬೇಕು.

ನಿಮ್ಮ ಪತ್ರ ಓದುವಾಗ ನನಗೆ ವಿದುರಾಶ್ವತ್ಥ ನೆನಪಾಯಿತು. ಗೌರಿಬಿದನೂರು ಪಕ್ಕದಲ್ಲೇ ಅಲ್ವಾ, ನೀವೂ ಹೋಗಿರುತ್ತೀರಿ, ಸಾಲು ಸಾಲು ನಾಗರಕಲ್ಲುಗಳ ನಡುವೆ ಸುತ್ತಿ ಬಂದಿರುತ್ತೀರಿ. ಅಲ್ಲಿ ಅಶ್ವತ್ಥ ನೆಟ್ಟವನು ವಿದುರ ಅಂತ ನಂಬಿಕೆ. ಆ ವಿದುರ ಯಾರು? ದುರ್ಯೋಧನನಿಗೆ ಚಿಕ್ಕಪ್ಪ. ಈ ಯುದ್ಧ ಬೇಡ, ಪಾಂಡವರ ಪಾಲು ಕೊಟ್ಟುಬಿಡು ಅಂತ ತುಂಬಿದ ಸಭೆಯಲ್ಲಿ ಹೇಳಿದವನು. ಅಣ್ಣನ ಮಗ ಬಾಯಿಗೆ ಬಂದಂತೆ ಬೈದ. ನಮ್ಮ ಕಡೆ ಹೇಳುವ ಕಥೆಯಲ್ಲಿ ವಿದುರ ತನ್ನ ಬಿಲ್ಲನ್ನು ಅಲ್ಲೇ ಮುರಿದು ಹಾಕಿ ಎದ್ದು ಹೋಗುತ್ತಾನೆ. ಅವನಿಗೆ ಬಿಲ್ಲು ಹಿಡಿಯಲು ಬರುತ್ತಿರಲಿಲ್ಲ ಅಂತಲ್ಲ. ಅವನ ಬಿಲ್ಲು ಎಂಥದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಅದೇ ಕಥೆಯಲ್ಲಿ ಕೃಷ್ಣ ಐದು ಊರಾದರೂ ಕೊಡಿ ಅಂತ ಕೇಳಿ, ಅದೂ ಸಿಗದೆ ಹೋದ ಮೇಲೆ ಯುದ್ಧಕ್ಕೆ ನಿಲ್ಲುತ್ತಾನೆ. ನಮ್ಮ ಹಿರಿಯರು ಇಬ್ಬರಿಗೂ ಕೈ ಮುಗಿದಿದ್ದಾರೆ, ವಿದುರನಿಗೂ ಕೃಷ್ಣನಿಗೂ.

ಈಗ ಚಿಕ್ಕಪ್ಪ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಆದ ಮೇಲೆ ಲಕ್ಷಾಂತರ ಸೈನಿಕರನ್ನು ಗಡಿಗೆ ಸಾಗಿಸಿದರು. ಆಪರೇಷನ್ ಪರಾಕ್ರಮ್ ಅಂತ ಹೆಸರು. ಇವತ್ತು ಹೊಡೆಯುತ್ತೇವೆ, ನಾಳೆ ಹೊಡೆಯುತ್ತೇವೆ ಅಂತ ಸುಮಾರು ಹತ್ತು ತಿಂಗಳು ನಿಂತರು. ಮೇ, ಜೂನ್‌ನಲ್ಲಿ ರಾಜಸ್ಥಾನದ ಬಿಸಿಲು ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹೊಲಗಳಲ್ಲೆಲ್ಲ ನೆಲಬಾಂಬ್ ಹೂತರು. ಹೂಳುವಾಗ, ತೆಗೆಯುವಾಗ ಅವು ಸಿಡಿದು ನಮ್ಮ ಸೈನಿಕರೇ ಸತ್ತರು, ಕಾಲು ಕಳೆದುಕೊಂಡರು. ಅಲ್ಲಿನ ರೈತರಿಗೂ ಹಾಗೇ ಆಯಿತು. ಕೊನೆಗೆ ಯುದ್ಧ ಆಗಲೇ ಇಲ್ಲ, ಸೈನ್ಯ ವಾಪಸ್ ಬಂತು. ನಿಮ್ಮ ಚಿಕ್ಕಪ್ಪ ಆ ಗಡಿಯಲ್ಲೇ ಇದ್ದವರು. ನಿಲ್ಲಿಸಿದ್ದೇ ಒಳ್ಳೆಯದಾಯಿತು ಅನ್ನುವ ಅವರ ಮಾತು ಟಿವಿ ನೋಡಿ ಬಂದದ್ದಲ್ಲ ಅನ್ನಿಸುತ್ತದೆ.

ಯಾರು ಸರಿ ಅಂತ ಕೇಳಿದಿರಿ. ನಾನು ನಿಮ್ಮ ಚಿಕ್ಕಪ್ಪನ ಕಡೆ. ಆದರೆ ನಿಮ್ಮ ತಮ್ಮನ ಸಿಟ್ಟನ್ನು ನಾನು ಗೌರವಿಸುತ್ತೇನೆ, ಅದು ಸತ್ತವರ ಮೇಲಿನ ಪ್ರೀತಿಯಿಂದ ಬಂದದ್ದು. ನಿಮ್ಮಪ್ಪ ಆಡಿದ ಆ ಒಂದು ಮಾತು ಮಾತ್ರ ತಪ್ಪು, ಅದನ್ನು ಅವರು ವಾಪಸ್ ತೆಗೆದುಕೊಳ್ಳಬೇಕು.

ಈ ಭಾನುವಾರ ಚಿಕ್ಕಪ್ಪನ ಮನೆಗೆ ಹೋಗಿ ಬನ್ನಿ. ತಮ್ಮನನ್ನೂ ಕರೆದುಕೊಂಡು ಹೋಗಿ. ಅಪ್ಪ ಬಂದರೆ ಒಳ್ಳೆಯದು, ಬರಲಿಲ್ಲ ಅಂದರೆ ಈ ಸಲ ಬಲವಂತ ಬೇಡ. ಯುದ್ಧದ ವಿಷಯ ನೀವಾಗಿ ಎತ್ತಬೇಡಿ. ಅಲ್ಲಿ ಮರಳಲ್ಲಿ ನೀರು ಎಲ್ಲಿಂದ ತರುತ್ತಿದ್ದಿರಿ, ಮುದ್ದೆ ನೆನಪಾಗುತ್ತಿತ್ತಾ, ಊರಿನ ಕಾಗದ ಎಷ್ಟು ದಿನಕ್ಕೆ ಕೈಗೆ ಬರುತ್ತಿತ್ತು ಅಂತ ಶುರು ಮಾಡಿ. ನನ್ನ ಪರಿಚಯದ ಮಾಜಿ ಸೈನಿಕರೆಲ್ಲ ಊಟದ ಮಾತಿನಿಂದಲೇ ಬಾಯಿ ಬಿಟ್ಟಿದ್ದು. ಅವರು ಹೇಳಲು ಶುರು ಮಾಡಿದ ಮೇಲೆ ತಮ್ಮನಿಗೆ ನಡುವೆ ಬಾಯಿ ಹಾಕಬೇಡ ಅಂತ ಮೊದಲೇ ಹೇಳಿಟ್ಟಿರಿ.